ಡ್ಯಾಶ್‌ಬೋರ್ಡ್ ಕತ್ತಲಾದರೆ ಹಿಂದಿನ ದೀಪವನ್ನು ನೋಡಬೇಕು

ಕಳೆದ ಡಿಸೆಂಬರಿನ ಮೊದಲ ವಾರ ಬೀದರಿನಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಕಲಬುರಗಿಗೆ ಮರಳುತ್ತಿದ್ದಾಗ, ಹುಮನಾಬಾದ್ ದಾಟಿ ಕಮಲಾಪುರದ ಕಡೆಗೆ ಬರುವ ರಸ್ತೆಯಲ್ಲಿ ನನ್ನ ಹದಿನಾಲ್ಕು ವರ್ಷದ ಕಾರಿನ ಡ್ಯಾಶ್‌ಬೋರ್ಡ್ ಇದ್ದಕ್ಕಿದ್ದಂತೆ ಕತ್ತಲಾಯಿತು. ಮುಂದಿನ ಹೆಡ್‌ಲೈಟುಗಳು ಎಂದಿನಂತೆ ಉರಿಯುತ್ತಿದ್ದುದರಿಂದ, ಮೀಟರಿನ ಒಳಗಿನ ಬಲ್ಬ್ ಹೋಗಿರಬೇಕು, ಬೆಳಗ್ಗೆ ನೋಡಿದರಾಯಿತು ಎಂದುಕೊಂಡು ಮುಂದುವರಿದೆ. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಬಂದ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಬಂತು. ಚಾಲಕನು ಕಿಟಕಿಯಿಂದ ಕೈ ಹೊರಹಾಕಿ ನನ್ನ ಕಾರಿನ ಹಿಂಭಾಗವನ್ನು ತೋರಿಸಿದನು. ಇಳಿದು ನೋಡಿದರೆ ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಇದೇ ರಸ್ತೆಯಲ್ಲಿ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರಾಲಿಗಳನ್ನು ಪ್ರತಿವರ್ಷ ಬೈಯುತ್ತ ಬಂದ ನಾನು ಅಂದು ಅವುಗಳ ಸಾಲಿನಲ್ಲೇ ನಿಂತಿದ್ದೆ.

ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಬೆಳಕು, ಮುಂದಿನ ಪಾರ್ಕಿಂಗ್ ದೀಪಗಳು, ಹಿಂದಿನ ಟೇಲ್ ಲೈಟುಗಳು ಮತ್ತು ನಂಬರ್ ಪ್ಲೇಟಿನ ದೀಪ ಇವೆಲ್ಲವೂ ಒಂದೇ ಫ್ಯೂಸಿನ ಮೂಲಕ ವಿದ್ಯುತ್ ಪಡೆಯುತ್ತವೆ. ಹೆಡ್‌ಲೈಟ್ ಮತ್ತು ಬ್ರೇಕ್ ಲೈಟುಗಳ ಫ್ಯೂಸುಗಳು ಬೇರೆ. ಆದ್ದರಿಂದ ಎದುರಿನ ರಸ್ತೆ ಬೆಳಗುತ್ತಲೇ ಇರುತ್ತದೆ, ಬ್ರೇಕ್ ಒತ್ತಿದಾಗ ಹಿಂದೆ ಕೆಂಪೂ ಬರುತ್ತದೆ, ಆದರೆ ಸುಮ್ಮನೆ ಓಡುವಾಗ ಕಾರು ಹಿಂದಿನವರಿಗೆ ಕಾಣುವುದೇ ಇಲ್ಲ. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕೆಂದೂ, ನಂಬರ್ ಪ್ಲೇಟನ್ನು ಬಿಳಿಯ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಬರಬೇಕೆಂದೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆ ದೀಪಗಳು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಡ್ಯಾಶ್‌ಬೋರ್ಡ್ ಮಾತ್ರ. ಅದೊಂದೇ ಕತ್ತಲಾಗಿ ಹಿಂದಿನವು ಸರಿಯಾಗಿದ್ದರೆ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆಯನ್ನು ಮಕ್ಕಳು ತಿರುವಿರುವ ಸಾಧ್ಯತೆಯೇ ಹೆಚ್ಚು. ಎರಡೂ ಒಟ್ಟಿಗೆ ಹೋಗಿದ್ದರೆ ಮೊದಲು ಫ್ಯೂಸ್ ಪೆಟ್ಟಿಗೆಯನ್ನು ತೆರೆಯಬೇಕು.

ಢಾಬಾದ ಬೆಳಕಿನಲ್ಲಿ ಪೆಟ್ಟಿಗೆ ತೆರೆದಾಗ 10 ಆಂಪಿಯರಿನ ಕೆಂಪು ಫ್ಯೂಸಿನ ತಂತಿ ಕರಗಿತ್ತು. ಮುಚ್ಚಳದೊಳಗಿದ್ದ ಬಿಡಿ ಫ್ಯೂಸನ್ನು ಹಾಕಿ ಮನೆ ತಲುಪಿದೆ. ಎರಡು ದಿನ ಬಿಟ್ಟು ಅದೂ ಹೋಯಿತು.

ನಮ್ಮ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಕಾರನ್ನು ಒಯ್ದೆ. ಅವರು ಹಿಂದಿನ ಎರಡೂ ಬಲ್ಬುಗಳನ್ನು ಬದಲಿಸಿ, ಬಳಿಕ ಹಳದಿ ಬಣ್ಣದ ಫ್ಯೂಸೊಂದನ್ನು ತೋರಿಸಿ, ‘ಇಪ್ಪತ್ತರದು ಹಾಕಿಬಿಡ್ರಿ ಸರ, ಮತ್ತ ಹೋಗಂಗಿಲ್ಲ’ ಎಂದರು. ಹೋಗುವುದಿಲ್ಲ ಎಂಬುದು ನಿಜ. ಅದರ ಬದಲು ತಂತಿ ಸುಡುತ್ತದೆ. ಆ ಸಾಲಿನಲ್ಲಿರುವ ದೀಪಗಳ ಲೆಕ್ಕ ಹಾಕಿದರೆ 5 ವಾಟಿನ ಬಲ್ಬುಗಳು ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಡ್ಯಾಶ್‌ಬೋರ್ಡಿನ ಸಣ್ಣ ಬಲ್ಬುಗಳೆಲ್ಲ ಸೇರಿ ಇನ್ನೊಂದೈದು ವಾಟು, ಒಟ್ಟು ಸುಮಾರು 30 ವಾಟು. 12 ವೋಲ್ಟಿನಲ್ಲಿ ಅದಕ್ಕೆ ಬೇಕಾದದ್ದು ಎರಡೂವರೆ ಆಂಪಿಯರ್ ಮಾತ್ರ. ಇಷ್ಟು ಕಡಿಮೆ ಹೊರೆಗೆ 10 ಆಂಪಿಯರಿನ ಫ್ಯೂಸ್ ಸುಟ್ಟಿದೆಯೆಂದರೆ ಎಲ್ಲೋ ಒಂದು ತಂತಿ ಕಾರಿನ ಲೋಹದ ಬಾಡಿಗೆ ತಾಗುತ್ತಿದೆ ಎಂದೇ ಅರ್ಥ. ನಾನು ಹಳದಿ ಫ್ಯೂಸನ್ನು ಹಿಂದಿರುಗಿಸಿ ಮನೆಗೆ ಬಂದೆ.

ಒಂದೊಂದಾಗಿ ಫ್ಯೂಸ್ ಸುಡುತ್ತ ದೋಷವನ್ನು ಹುಡುಕುವುದಕ್ಕಿಂತ, ಫ್ಯೂಸಿನ ಜಾಗದಲ್ಲಿ 21 ವಾಟಿನ ಒಂದು ಬಲ್ಬನ್ನು ಜೋಡಿಸುವುದು ಹಳೆಯ, ನಂಬಿಕೆಗೆ ಅರ್ಹವಾದ ಉಪಾಯ. ಸಾಲು ಸರಿಯಾಗಿದ್ದರೆ ಆ ಬಲ್ಬ್ ಮಂಕಾಗಿರುತ್ತದೆ. ತಂತಿ ಬಾಡಿಗೆ ತಾಗಿದ ಕ್ಷಣ ಪೂರ್ಣ ಪ್ರಕಾಶದಿಂದ ಹೊತ್ತಿಕೊಳ್ಳುತ್ತದೆ, ಮತ್ತು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡದ ಕಾರಣ ಏನೂ ಸುಡುವುದಿಲ್ಲ. ವ್ಯತ್ಯಾಸ ಸ್ಪಷ್ಟವಾಗಿ ಕಾಣಲೆಂದು ಹಿಂದಿನ ಮತ್ತು ಮುಂದಿನ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟು, ಸ್ವಿಚ್ಚನ್ನು ಹಾಕಿ, ತಂತಿಗಳ ಕಟ್ಟನ್ನು ಎಂಜಿನ್ನಿನ ಕಡೆಯಿಂದ ಅಲುಗಾಡಿಸುತ್ತ ಬಂದೆ. ಸ್ಟೇರಿಂಗಿನ ಕೆಳಗೆ ಏನೂ ಆಗಲಿಲ್ಲ, ಕಾರ್ಪೆಟ್ಟಿನ ಕೆಳಗೂ ಏನೂ ಆಗಲಿಲ್ಲ. ಡಿಕ್ಕಿಯ ಬಾಗಿಲನ್ನು ಅರ್ಧ ಎತ್ತಿದಾಗ ಬಲ್ಬ್ ಫಕ್ಕನೆ ಉರಿಯಿತು, ಇಳಿಸಿದಾಗ ಮಂಕಾಯಿತು. ಬಾಗಿಲಿಗೂ ಬಾಡಿಗೂ ನಡುವೆ ತಂತಿಗಳನ್ನು ಒಯ್ಯುವ ರಬ್ಬರಿನ ಕೊಳವೆಯನ್ನು ಕಿತ್ತು ನೋಡಿದರೆ, ನಂಬರ್ ಪ್ಲೇಟಿನ ದೀಪದ ತಂತಿಯ ಹೊದಿಕೆ ಒಣಗಿ ಬಿರಿದು, ಒಳಗಿನ ತಾಮ್ರ ಹಿಂಜಿನ ಬಳಿಯ ತಗಡಿಗೆ ತಾಗುತ್ತಿತ್ತು. ದಿನಕ್ಕೆ ನಾಲ್ಕು ಬಾರಿ ಮಡಚಿ ಬಿಡಿಸಿಕೊಳ್ಳುವ ಆ ತಂತಿ ಕಲಬುರಗಿಯ ಬೇಸಿಗೆಗಳನ್ನು ಬಯಲಲ್ಲೇ ಕಳೆದಿದೆ, ಅದನ್ನು ದೂರುವಂತಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಕೆಟ್ಟ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡನ್ನು ಬಾಗುವ ಜಾಗದಿಂದ ದೂರಕ್ಕೆ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿದೆ. ಕಪ್ಪು ಟೇಪನ್ನು ನಾನು ಬಳಸುವುದಿಲ್ಲ, ಏಕೆಂದರೆ ನಮ್ಮ ಮೇ ತಿಂಗಳಿನಲ್ಲಿ ಅದರ ಅಂಟು ಕರಗಿ ಸುತ್ತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮರುದಿನ ಬೆಳಗ್ಗೆ ರಿಂಗ್ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ, ದೀಪದ ಸ್ವಿಚ್ಚನ್ನು ಮುಟ್ಟಿರದಿದ್ದರೂ ಡ್ಯಾಶ್‌ಬೋರ್ಡ್ ಬೆಳಗಿತು. ಕಾಲು ತೆಗೆದರೆ ಆರಿತು. ಬ್ರೇಕಿನ ಸಾಲು ಟೇಲ್ ಲೈಟಿನ ಸಾಲಿನೊಂದಿಗೆ ಎಲ್ಲೋ ಬೆರೆತಾಗ ಮಾತ್ರ ಹೀಗಾಗುತ್ತದೆ, ಮತ್ತು ಅವೆರಡೂ ಸಹಜವಾಗಿ ಭೇಟಿಯಾಗುವ ಜಾಗ ಹಿಂದಿನ ಬಲ್ಬ್. ಅಲ್ಲಿ ಇರಬೇಕಾದದ್ದು ಎರಡು ತಂತುಗಳ (ಫಿಲಮೆಂಟುಗಳ) ಬಲ್ಬ್: 5 ವಾಟಿನದು ಟೇಲ್ ಲೈಟಿಗೆ, 21 ವಾಟಿನದು ಬ್ರೇಕಿಗೆ, ಬುಡದಲ್ಲಿ ಎರಡು ಬೇರೆ ಬೇರೆ ಪಾಯಿಂಟುಗಳು. ಅದನ್ನು ತಪ್ಪಾಗಿ ಕೂರಿಸದಿರಲೆಂದು ಪಕ್ಕದ ಎರಡು ಪಿನ್ನುಗಳನ್ನು ಒಂದು ಮೇಲೆ, ಒಂದು ಕೆಳಗೆ ಇಟ್ಟಿರುತ್ತಾರೆ. ಎಡಗಡೆಯ ಹೋಲ್ಡರಿನಲ್ಲಿ ಇದ್ದದ್ದು ಒಂದೇ ಪಾಯಿಂಟಿನ, ಇಂಡಿಕೇಟರಿಗೆ ಹಾಕುವಂತಹ ಬಲ್ಬ್. ಅದನ್ನು ಒತ್ತಿ ತಿರುವಿ ಹೇಗೋ ಕೂರಿಸಲಾಗಿತ್ತು, ಅದರ ಏಕೈಕ ಪಾಯಿಂಟು ಹೋಲ್ಡರಿನ ಎರಡೂ ಪಾಯಿಂಟುಗಳನ್ನು ಕೂಡಿಸಿಬಿಟ್ಟಿತ್ತು. ಹಿಂದಿನ ದಿನ ಬಿಚ್ಚಿದ್ದನ್ನು ಪರೀಕ್ಷಿಸದೆ ಹಾಗೆಯೇ ಮರಳಿ ತುರುಕಿದ ತಪ್ಪು ನನ್ನದೂ ಹೌದು. ಸರಿಯಾದ ಬಲ್ಬ್ ಹಾಕಿದ್ದರೂ ಇದೇ ಲಕ್ಷಣ ಕಂಡರೆ, ಮುರಿದ ತಂತುವೊಂದು ಪಕ್ಕದ್ದರ ಮೇಲೆ ಬಿದ್ದು ಅಂಟಿಕೊಂಡಿದೆಯೇ ಎಂದು ಬಲ್ಬನ್ನು ಬೆಳಕಿಗೆ ಹಿಡಿದು ನೋಡಬೇಕು.

ಎಡಗಡೆ ಸರಿಯಾದ ಮೇಲೆ ಬಲಗಡೆಯದು ಎದ್ದು ಕಂಡಿತು. ಟೇಲ್ ಲೈಟ್ ಹಾಕಿ ಬ್ರೇಕ್ ಒತ್ತಿದರೆ ಎಡದ್ದು ಪ್ರಖರವಾಗುತ್ತಿತ್ತು, ಬಲದ್ದು ಇನ್ನಷ್ಟು ಮಂಕಾಗುತ್ತಿತ್ತು. ಇದನ್ನು ಕಂಡು ಬಹಳ ಜನ ಬಲ್ಬ್ ಬದಲಿಸುತ್ತಾರೆ, ಹೋಲ್ಡರ್ ಬದಲಿಸುತ್ತಾರೆ, ಕೊನೆಗೆ ಇಡೀ ದೀಪವನ್ನೇ ಬದಲಿಸುತ್ತಾರೆ. ನಾನೂ ಹಳೆಯ ಕಾರಿನಲ್ಲಿ ಅದನ್ನೆಲ್ಲ ಮಾಡಿ ಹಣ ಕಳೆದುಕೊಂಡಿದ್ದೇನೆ. ಬಂದ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ, ಅಂದರೆ ಬಾಡಿ ಅರ್ಥ್, ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತಿಲ್ಲ. ಎರಡೂ ತಂತುಗಳಿಗೆ ಅರ್ಥ್ ಒಂದೇ. ಅದು ಪೂರ್ತಿ ಕಡಿದುಹೋಗಿದ್ದರೆ ಬ್ರೇಕ್ ಒತ್ತಿದಾಗ ಎರಡು ಕಡೆಯಿಂದಲೂ 12 ವೋಲ್ಟ್ ಬಂದು, ಹೋಗಲು ದಾರಿಯಿಲ್ಲದೆ ದೀಪ ಆರಿಯೇ ಹೋಗುತ್ತದೆ. ನನ್ನದು ಅರ್ಧ ಕೆಟ್ಟಿತ್ತು.

ಇಂತಹ ಕಡೆ ಮಲ್ಟಿಮೀಟರನ್ನು ತಂತಿಯ ತಡೆಯನ್ನು ತೋರಿಸುವ ಓಮಿಗೆ ಇಟ್ಟು ಅಳೆದರೆ ಅದು ಮೋಸ ಮಾಡುತ್ತದೆ, ಏಕೆಂದರೆ ಒಂದೇ ಎಳೆಯಿಂದ ತೂಗುತ್ತಿರುವ ತಂತಿಯೂ ಹೊರೆಯಿಲ್ಲದಾಗ ಸರಿಯಿದ್ದಂತೆಯೇ ತೋರಬಹುದು. ದೀಪ ಉರಿಯುತ್ತಿರುವಾಗ ವೋಲ್ಟಿನಲ್ಲಿ ಅಳೆಯಬೇಕು. ಒಂದು ಕಡ್ಡಿಯನ್ನು ಹೋಲ್ಡರಿನ ಅರ್ಥ್ ಭಾಗಕ್ಕೆ, ಇನ್ನೊಂದನ್ನು ಉದ್ದದ ತಂತಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಮಗನಿಗೆ ಬ್ರೇಕ್ ಒತ್ತಲು ಹೇಳಿದೆ. 0.2 ವೋಲ್ಟಿನ ಒಳಗೆ ಬರಬೇಕಾದಲ್ಲಿ ಅದರ ಎಷ್ಟೋ ಪಟ್ಟು ಬಂತು, ಅಂದರೆ ದೀಪಕ್ಕೆ ಸಿಗಬೇಕಾದ ಒತ್ತಡದ ದೊಡ್ಡ ಪಾಲು ತುಕ್ಕು ಹಿಡಿದ ಒಂದು ಸ್ಕ್ರೂವಿನಲ್ಲಿ ಕಳೆದುಹೋಗುತ್ತಿತ್ತು. ಡಿಕ್ಕಿಯ ಬಲಮೂಲೆಯಲ್ಲಿದ್ದ ಆ ಸ್ಕ್ರೂವನ್ನು ಬಿಚ್ಚಿ, ತಗಡನ್ನು ಹೊಳೆಯುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ತಂತಿಗೆ ಹೊಸ ಉಂಗುರ ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದ ಮೇಲೆ ಮೀಟರು 0.06 ತೋರಿಸಿತು.

ಅಂದು ರಾತ್ರಿ ಕಾರನ್ನು ನಮ್ಮ ಮನೆಯ ಶಹಾಬಾದ್ ಕಲ್ಲಿನ ಕಾಂಪೌಂಡ್ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಒಬ್ಬನೇ ಕುಳಿತು ಕನ್ನಡಿಯಲ್ಲಿ ನೋಡುತ್ತ ಬ್ರೇಕ್ ಒತ್ತಿದೆ. ಗೋಡೆಯ ಮೇಲೆ ಎಡಕ್ಕೂ ಬಲಕ್ಕೂ ಒಂದೇ ಸಮನಾದ ಕೆಂಪು ಬಿತ್ತು. ಹಿಂದಿನ ಗಾಜಿನ ನಡುವೆ ಇರುವ ಮೂರನೆಯ ಬ್ರೇಕ್ ಲೈಟು ಮಾತ್ರ ಉರಿಯಲಿಲ್ಲ. ಮೀಟರು, ಟೆಸ್ಟ್ ಲ್ಯಾಂಪು, ಸ್ಯಾಂಡ್ ಪೇಪರು ಎಲ್ಲವನ್ನೂ ಮತ್ತೆ ಹೊರಗೆ ತೆಗೆದು ಅರ್ಧ ಗಂಟೆ ಹುಡುಕಿದೆ. ಅದರಲ್ಲಿ ಬಲ್ಬೇ ಹೋಗಿತ್ತು.