ಬೌಲರ್ ಗೆದ್ದರೆ ಕಾನೂನು ಬದಲು

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದುಕೊಂಡು ಬೇಸ್‌ಬಾಲ್ ಗೊತ್ತಿಲ್ಲ ಅಂದರೆ ಜನ ಕನಿಕರದಿಂದ ನೋಡುತ್ತಾರೆ. ಮೊನ್ನೆ ಇಲ್ಲಿನ ತಂಡ ಕಾರ್ಡಿನಲ್ಸ್‌ನ ಪಂದ್ಯ 2-1ಕ್ಕೆ ಮುಗಿದಾಗ ನಾನು "ಇಷ್ಟೇನಾ?" ಅಂದುಬಿಟ್ಟೆ. ಪಕ್ಕದ ಮನೆಯ ತಾತ ಮಡಿಲಿನ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು, "1968 ನೋಡಬೇಕಿತ್ತು ನೀನು" ಅಂದರು.

ಆ ವರ್ಷ ಇದೇ ಊರಿನ ತಂಡದ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಬಾಬ್ ಗಿಬ್ಸನ್ ಒಂಬತ್ತು ಇನ್ನಿಂಗ್ಸಿಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಬಿಟ್ಟುಕೊಟ್ಟಿದ್ದು ಸರಾಸರಿ 1.12 ರನ್. ಅಷ್ಟಾದರೂ 9 ಪಂದ್ಯ ಸೋತ! ಇವನ ಕಡೆಯವರೂ ರನ್ ಹೊಡೆಯಬೇಕಲ್ಲ. ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ ಬ್ಯಾಟಿಂಗ್ ಸರಾಸರಿ .300ರ ಗೆರೆ (ಹತ್ತು ಸಲಕ್ಕೆ ಮೂರು ಹಿಟ್) ದಾಟಿದ್ದು ಯಾಸ್ಟ್ರೆಮ್‌ಸ್ಕಿ ಒಬ್ಬನೇ, ಅದೂ .301. ಮರುವರ್ಷವೇ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಿದರು, ಸರಿಯಾದ ಎಸೆತ ಅನ್ನಿಸಿಕೊಳ್ಳಲು ಚೆಂಡು ಹಾದುಹೋಗಬೇಕಾದ ಜಾಗವಾದ ಸ್ಟ್ರೈಕ್ ಝೋನನ್ನೂ ಕಿರಿದು ಮಾಡಿದರು. 1973ರಲ್ಲಿ ಅಮೆರಿಕನ್ ಲೀಗ್ ಪಿಚರ್ ಬದಲಿಗೆ ಬ್ಯಾಟ್ ಬೀಸಲೆಂದೇ ಒಬ್ಬನನ್ನು ತಂದಿತು.

ಅದಕ್ಕೂ ಹಿಂದೆ, 1908ರಲ್ಲಿ, ತಂಡವೊಂದಕ್ಕೆ ಪಂದ್ಯಕ್ಕೆ 3.38 ರನ್ ಅಷ್ಟೇ. ಎಂಜಲು ಹಚ್ಚಿ, ಮಣ್ಣು ಮೆತ್ತಿ ಕರ್ರಗಾದ ಚೆಂಡಲ್ಲೇ ಆಟ ಸಾಗುತ್ತಿದ್ದ ಕಾಲ. 1920ರಲ್ಲಿ ಎಂಜಲು ಚೆಂಡಿಗೆ ನಿಷೇಧ ಬಂತು. ಅದೇ ವರ್ಷ ಬ್ಯಾಟರ್ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ತೀರಿಹೋದ, ಆಮೇಲೆ ಕೊಳೆಯಾದ ಚೆಂಡನ್ನು ಬೇಗಬೇಗ ಬದಲಿಸತೊಡಗಿದರು. ಹಿಂದಿನ ವರ್ಷ 29 ಹೋಮ್ ರನ್ (ಇವರ ಸಿಕ್ಸರ್ ಅನ್ನಿ) ಹೊಡೆದಿದ್ದ ಬೇಬ್ ರೂತ್ ಆ ವರ್ಷ 54 ಹೊಡೆದ.

"2000ದಲ್ಲಿ ತಂಡವೊಂದರ ಸರಾಸರಿ ಪಂದ್ಯಕ್ಕೆ ಐದು ರನ್ ದಾಟಿತಲ್ಲ, ಆಗ ದಿಬ್ಬ ಎತ್ತರಿಸಿದರೇನು?" ತಾತನ ದನಿಯಲ್ಲಿ ಹಳೆಯ ಸಿಟ್ಟಿತ್ತು. ಎತ್ತರಿಸಲಿಲ್ಲ. ಸ್ಟೆರಾಯ್ಡ್ ನುಂಗಿ ಹೊಡೆದವರಿಗೆ ಶಿಕ್ಷೆಯೂ ನಿಧಾನವಾಗಿಯೇ ಬಂತು.

ನನಗೆ ಚಂದ್ರಶೇಖರ್ ನೆನಪಾದರು. ಪೋಲಿಯೋ ಬಡಿದ ಕೈಯಿಂದ 1971ರ ಓವಲ್‌ನಲ್ಲಿ 38ಕ್ಕೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ನಮ್ಮಪ್ಪ ಇವತ್ತಿಗೂ ಆ ಕಥೆ ಹೇಳುವಾಗ ಮಣಿಕಟ್ಟು ತಿರುಗಿಸಿ ತೋರಿಸುತ್ತಾರೆ. ಅದೇ ಅಪ್ಪ 2024ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 287, ನಮ್ಮವರು 262 ಹೊಡೆದ ರಾತ್ರಿ ಫೋನಿನಲ್ಲಿ, "ಚಂದ್ರ ಇದ್ದಿದ್ರೂ ಹೊಡೆಸ್ಕೊಂಡೇ ಹೋಗ್ತಿದ್ದ ಕಣೋ" ಅಂದಿದ್ದರು. ಬೌಂಡರಿ ಮೊದಲೇ ಹತ್ತಿರ, ಸಾಲದ್ದಕ್ಕೆ ಇಂಪ್ಯಾಕ್ಟ್ ಪ್ಲೇಯರ್ ಅಂತ ಇನ್ನೊಬ್ಬ ಬ್ಯಾಟ್ಸ್‌ಮನ್! ನಾವೂ ಸಿಕ್ಸರಿಗೆ ಸೀಟಿ ಹೊಡೆಯೋರೇ ಬಿಡಿ.

ಒಂದೇ ರಾತ್ರಿ 549 ರನ್ ಅಂದಾಗ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆಂಡು ಎಸೆಯೋರಿಗೆ ಸಂಬಳವಾದರೂ ಜಾಸ್ತಿ ಕೊಡ್ತಾರಾ?" ಅಂತ ಕೇಳಿದರು. ಕೊಡ್ತಾರೆ ಅಂದೆ. ಆ ಸೀಸನ್ನಿನ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ, 24.75 ಕೋಟಿ ರೂಪಾಯಿ, ಬಂದಿದ್ದು ಬೌಲರ್ ಸ್ಟಾರ್ಕ್‌ಗೇ.