ನೊಗ ಮತ್ತು ಇರುವೆ

ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಕೊನೆಗೂ ಓದಿ ಮುಗಿಸಿದೆ. ಹೊಲದಲ್ಲಿ ಇಬ್ಬರು ಹೆಗಲ ಮೇಲೆ ನೊಗ ಹೊತ್ತು ಎತ್ತುಗಳ ಹಾಗೆ ನೇಗಿಲು ಎಳೆಯುತ್ತಿರುತ್ತಾರೆ. ನೋಡುತ್ತಿರುವ ಹುಡುಗನಿಗೆ ಅವರಲ್ಲೊಬ್ಬರು ಸ್ವಂತ ಅಪ್ಪ. ಅಲ್ಲಿಗೇ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ನೋಡಿದರೆ, ಪುಟಪುಟಕ್ಕೂ ನಗು! ಬಡತನ, ಹಾಸ್ಟೆಲ್ ದಿನ, ಹಸಿವು ಎಲ್ಲವನ್ನೂ ಅವರು ನಗಿಸುತ್ತಲೇ ಹೇಳುತ್ತಾರೆ. ನಕ್ಕ ಮೇಲೆ ಗಂಟಲು ಕಟ್ಟುತ್ತದೆ. ಕೋಪವನ್ನು ಹೀಗೂ ಬರೆಯಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಅದರ ಬೆನ್ನಿಗೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎರಡನೇ ಸಲ ಓದಿದೆ. ಸಣ್ಣ ಕಾದಂಬರಿ, ಒಂದೇ ಸಂಜೆಗೆ ಮುಗಿಯಿತು. ಮೊದಲ ಸಲ ಕಥೆಯ ಕೊನೆಗೆ ಬೆಚ್ಚಿಬಿದ್ದಿದ್ದೆ. ಈ ಸಲ ಕಣ್ಣು ನಿಂತದ್ದು ಹಳೇ ಮನೆಯ ಇರುವೆಗಳ ಮೇಲೆ. ಆ ಪುಟ್ಟ ಮನೆಯಲ್ಲಿ ಇರುವೆ ಕಾಟಕ್ಕೆ ಎಲ್ಲರೂ ಒಟ್ಟಾಗಿ ಒದ್ದಾಡುತ್ತಾರೆ. ಮಸಾಲೆ ವ್ಯಾಪಾರದಿಂದ ದುಡ್ಡು ಬಂದು ದೊಡ್ಡ ಮನೆ ಸೇರಿದ ಮೇಲೆ ಮನುಷ್ಯರೇ ಬೇರೆ ಆಗಿಬಿಡುತ್ತಾರೆ, ಅಲ್ವಾ?

ಒಂದರಲ್ಲಿ ಏನೂ ಇಲ್ಲದ ಮನೆ, ಇನ್ನೊಂದರಲ್ಲಿ ಎಲ್ಲ ಬಂದ ಮನೆ. ನನಗೆ ಜಾಸ್ತಿ ಬೆಳಕು ಕಂಡದ್ದು ಮೊದಲನೆಯದರಲ್ಲಿ. ‘ಊರುಕೇರಿ’ಯನ್ನು ಈಗ ಅಮ್ಮನಿಗೆ ಕೊಟ್ಟಿದ್ದೇನೆ. ಅಡುಗೆಮನೆಯಿಂದ ನಗು ಕೇಳಿಸುತ್ತಿದೆ.