ಮರಗೆಣಸಿನಲ್ಲಿ ಸೈನೈಡ್ ಇದೆಯಂತಲ್ಲ, ತಿನ್ನಬಹುದಾ?

ತಿನ್ನಬಹುದು. ಬೇಯಿಸಿದ ನೀರು ಬಸಿದು ಚೆಲ್ಲಿ, ಜೊತೆಗೆ ಮೀನೋ ಮೊಟ್ಟೆಯೋ ಬೇಳೆಯೋ ಇರಲಿ. ಎರಡಕ್ಕೂ ಕಾರಣ ಇದೆ.

ಗೆಡ್ಡೆಯಲ್ಲಿ ಸೈನೈಡ್ ಹಾಗೇ ಬಿಡಿಯಾಗಿ ಇರುವುದಿಲ್ಲ, ಲಿನಮಾರಿನ್ ಎಂಬ ವಸ್ತುವಿನೊಳಗೆ ಅಡಗಿರುತ್ತದೆ. ಅದನ್ನು ಒಡೆಯುವ ಕಿಣ್ವವೂ ಅದೇ ಗೆಡ್ಡೆಯಲ್ಲಿದೆ, ಆದರೆ ಬೇರೆ ಜಾಗದಲ್ಲಿ. ಹೆಚ್ಚಿದಾಗ, ತುರಿದಾಗ ಎರಡೂ ಸೇರಿ ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವಂಥದ್ದು, ತೆರೆದಿಟ್ಟರೆ ಹಾರಿಹೋಗುತ್ತದೆ. ಸಿಹಿ ತಳಿಗಳಲ್ಲಿ ಕಿಲೋಗೆ 50 ಮಿಲಿಗ್ರಾಂಗಿಂತ ಕಡಿಮೆ, ಕಹಿ ತಳಿಗಳಲ್ಲಿ ಅದರ ಎಷ್ಟೋ ಪಟ್ಟು.

ಹೊಟ್ಟೆಗೆ ಹೋದ ಸೈನೈಡ್ ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಆಕ್ಸಿಡೇಸ್ ಕಿಣ್ವದ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಆಮ್ಲಜನಕದ ಬಳಕೆಯೇ ನಿಂತಂತೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶಕ್ಕೆ ದಕ್ಕುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗಲೂ ಎಲ್ಲ ಸರಿಯಿದೆ ಎಂದೇ ತೋರಿಸಬಹುದು. ಆಮ್ಲಜನಕ ಬಳಸಲಾಗದೆ ದುಡಿಯುವ ಜೀವಕೋಶಗಳಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಮೊದಲು ಸೋಲುವುದು ಮಿದುಳು ಮತ್ತು ಹೃದಯ, ಶಕ್ತಿಯನ್ನು ಕೂಡಿಟ್ಟುಕೊಳ್ಳದ ಅಂಗಗಳು. ತೀವ್ರ ವಿಷಬಾಧೆಯಿಂದ ಬದುಕುಳಿದ ಕೆಲವರಿಗೆ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಹಾಳಾಗಿ, ವಾರಗಳ ನಂತರ ಪಾರ್ಕಿನ್ಸನ್ ರೋಗದಂಥ ಬಿಗಿತ, ನಡುಕ ಕಾಣಿಸಿಕೊಂಡದ್ದಿದೆ.

ಅಲ್ಪ ಪ್ರಮಾಣವನ್ನು ದೇಹವೇ ನಿಭಾಯಿಸುತ್ತದೆ. ಯಕೃತ್ತಿನಲ್ಲಿರುವ ರೊಡನೇಸ್ ಕಿಣ್ವ ಅದಕ್ಕೆ ಗಂಧಕ ಸೇರಿಸಿ ಥಯೋಸಯನೇಟ್ ಮಾಡುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಆ ಗಂಧಕ ಬರುವುದು ಪ್ರೋಟೀನಿನಿಂದ, ಮರಗೆಣಸಿನಲ್ಲಿ ಅದೇ ಕಡಿಮೆ. ಕೇರಳದವರು ಕಪ್ಪಕ್ಕೆ, ಅಂದರೆ ಮರಗೆಣಸಿಗೆ, ಮೀನು ಸಾರು ಹಾಕಿಕೊಳ್ಳುವುದರಲ್ಲಿ ರುಚಿಯಷ್ಟೇ ಇಲ್ಲ. ಅಂದಹಾಗೆ, ಥಯೋಸಯನೇಟ್ ಥೈರಾಯ್ಡ್‌ಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ಉಪ್ಪಿನಲ್ಲಿ ಅಯೋಡಿನ್ ಇಲ್ಲದ ಕಡೆ ಗಳಗಂಡ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಈ ವ್ಯವಸ್ಥೆ ಸೋತರೆ ಏನಾಗುತ್ತದೆ ಎಂಬುದು ಆಫ್ರಿಕಾದಲ್ಲಿ ಕಾಣುತ್ತದೆ. ಕೊಂಜೊ ಎಂಬ ಕಾಯಿಲೆಯನ್ನು 1938ರಲ್ಲಿ ಬೆಲ್ಜಿಯನ್ ಕಾಂಗೋದಲ್ಲಿ ಜೊವಾನ್ನಿ ಟ್ರೋಲಿ ಎಂಬ ವೈದ್ಯ ವಿವರಿಸಿದ. 1981ರ ಬರದಲ್ಲಿ ಮೊಜಾಂಬಿಕ್‌ನ ನಂಪುಲಾದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಬಂತು. ಬರ ಬಂದರೆ ಗೆಡ್ಡೆಯಲ್ಲಿ ವಿಷ ಏರುತ್ತದೆ. ಹಸಿವಿನ ಅವಸರಕ್ಕೆ, ವಿಷ ಹೋಗಲೆಂದು ಗೆಡ್ಡೆಯನ್ನು ನೀರಲ್ಲಿ ನೆನೆಸುವ ದಿನಗಳನ್ನು ಮೊಟಕು ಮಾಡುತ್ತಾರೆ. ತಿನ್ನಲು ಬೇರೇನೂ ಇರುವುದಿಲ್ಲ. ನಿನ್ನೆಯವರೆಗೆ ಓಡಾಡಿಕೊಂಡಿದ್ದ ಮಗುವಿನ ಎರಡೂ ಕಾಲು ಏಕಾಏಕಿ ಸೆಟೆದುಕೊಳ್ಳುತ್ತವೆ, ತುದಿಗಾಲಲ್ಲಿ ಕತ್ತರಿಯಂತೆ ಹೆಜ್ಜೆ ಇಡಬೇಕಾಗುತ್ತದೆ. ಸ್ಪರ್ಶಜ್ಞಾನಕ್ಕೇನೂ ಆಗಿರುವುದಿಲ್ಲ, ಕೆಟ್ಟಿರುವುದು ಚಲನೆಯ ಆದೇಶ ಹೊತ್ತೊಯ್ಯುವ ಮೇಲ್ಮಟ್ಟದ ನರಗಳು. ಹೆಚ್ಚಾಗಿ ಮಕ್ಕಳಿಗೆ, ಹೆರುವ ವಯಸ್ಸಿನ ಹೆಂಗಸರಿಗೆ ಬರುತ್ತದೆ. ವಾಸಿಯಾಗುವುದಿಲ್ಲ. ತಡೆಯುವ ಒಂದು ದಾರಿ ಮಾತ್ರ ತೀರಾ ಅಗ್ಗದ್ದು: ಮರಗೆಣಸಿನ ಹಿಟ್ಟನ್ನು ನೀರಲ್ಲಿ ಕಲಸಿ ಒಂದು ಸೆಂಟಿಮೀಟರ್ ಮೀರದಂತೆ ಹರಡಿ, ಬಿಸಿಲಲ್ಲಿ ಎರಡು ಗಂಟೆ ಅಥವಾ ನೆರಳಲ್ಲಿ ಐದು ಗಂಟೆ ಬಿಡುವುದು.

ಇನ್ನು ನಮ್ಮ ಅಡುಗೆಮನೆ. ಸಿಪ್ಪೆಯಲ್ಲೇ ವಿಷ ಹೆಚ್ಚು. ಕಂದು ಪದರದ ಕೆಳಗಿನ ದಪ್ಪ ಸಿಪ್ಪೆಯನ್ನೂ ತೆಗೆಯಿರಿ. ಸಣ್ಣದಾಗಿ ಹೆಚ್ಚಿ, ಐದು ಪಟ್ಟು ತಣ್ಣೀರಿಗೆ ಹಾಕಿ, ಮುಚ್ಚಳ ತೆಗೆದು ಬೇಯಿಸಿ, ಬಸಿಯಿರಿ. ಕುದಿಯುವ ನೀರಿಗೆ ನೇರ ಹಾಕಿದರೆ ಕಿಣ್ವ ಸತ್ತುಹೋಗಿ ಲಿನಮಾರಿನ್ ಒಡೆಯದೆ ಉಳಿಯುತ್ತದೆ. ಹಸಿ ಗೆಡ್ಡೆಯನ್ನು ಸುಟ್ಟರೂ, ಹಬೆಯಲ್ಲಿ ಬೇಯಿಸಿದರೂ, ಕರಿದರೂ ಬಹುಪಾಲು ಅಲ್ಲೇ ಇರುತ್ತದೆ. ಕಹಿ ಅನ್ನಿಸಿದರೆ ಉಗಿದುಬಿಡಿ. ಎಲೆ, ಸಿಪ್ಪೆಗಳನ್ನು ಹಸಿಯಾಗಿ ದನಕ್ಕೆ ಹಾಕಬೇಡಿ. ಎಳೆ ಜೋಳದ ಪೈರು ಮೇಯ್ದ ದನ ಉಬ್ಬಸಪಟ್ಟು ಬೀಳುವುದೂ ಇದೇ ವಿಷದಿಂದ.

ತಿಂದ ಕೆಲವೇ ಗಂಟೆಗಳಲ್ಲಿ ತಲೆಸುತ್ತು, ತಲೆನೋವು, ವಾಂತಿ, ಏದುಸಿರು ಬಂದರೆ ಕಾಯುತ್ತ ಕೂರದೆ 108ಕ್ಕೆ ಕರೆ ಮಾಡಿ. ಏನು ತಿಂದಿದ್ದು ಎಂದು ವೈದ್ಯರಿಗೆ ಹೇಳುವುದೇ ಅರ್ಧ ಚಿಕಿತ್ಸೆ. ಆಮ್ಲಜನಕದ ಜೊತೆ ಸೋಡಿಯಂ ಥಯೋಸಲ್ಫೇಟ್ ಅಥವಾ ಹೈಡ್ರಾಕ್ಸೊಕೊಬಾಲಮಿನ್ ಎಂಬ ಪ್ರತಿವಿಷ ಕೊಡುತ್ತಾರೆ.

ಸಬ್ಬಕ್ಕಿಯ ಬಗ್ಗೆ ಕೇಳುವವರಿಗೆ: ಅದೂ ಮರಗೆಣಸಿನದ್ದೇ, ಆದರೆ ಗೆಡ್ಡೆಯನ್ನು ಅರೆದು, ನೀರಲ್ಲಿ ತೊಳೆದು, ತಳಕ್ಕೆ ಕೂತ ಪಿಷ್ಟವನ್ನಷ್ಟೇ ತೆಗೆದು ಮಾಡುತ್ತಾರೆ. ಪಾಯಸಕ್ಕೆ ಹೆದರಬೇಕಿಲ್ಲ.